ಚೆಂಡು ಮುಟ್ಟದ ಆಟಗಾರ

ಮಕ್ಕಳೇ, ಈ ವಾರ ಒಂದು ಸಂಖ್ಯೆಯಿಂದ ಶುರು ಮಾಡೋಣ. 10,363. ಅಮೆರಿಕದ ಓಹಿಯೋ ರಾಜ್ಯದಲ್ಲಿ ಕ್ಲೀವ್‌ಲ್ಯಾಂಡ್ ಎಂಬ ಊರಿದೆ. ಅಲ್ಲಿನ ಕ್ರೀಡಾಂಗಣದಲ್ಲಿ 2018ರಲ್ಲಿ ಈ ಸಂಖ್ಯೆಯನ್ನು ದೊಡ್ಡದಾಗಿ ಬರೆಸಿ, ಒಬ್ಬ ಆಟಗಾರನಿಗೆ ಗೌರವ ಸಲ್ಲಿಸಿದರು. ಅದು ಅವನು ಗಳಿಸಿದ ಅಂಕವಲ್ಲ. ಹೊಡೆದ ಗೋಲೂ ಅಲ್ಲ. ಹಾಗಾದರೆ ಏನು? ಸ್ವಲ್ಪ ತಾಳಿ, ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ನಾನು ಓಹಿಯೋದಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಭಾನುವಾರ ಬಂತೆಂದರೆ ಮೊಮ್ಮಗ ಟಿ.ವಿ. ಮುಂದಿನಿಂದ ಏಳುತ್ತಿರಲಿಲ್ಲ. ಅಮೆರಿಕನ್ ಫುಟ್‌ಬಾಲ್! ಹೆಸರು ಫುಟ್‌ಬಾಲ್ ಆದರೂ ಕಾಲಿನ ಕೆಲಸ ಕಡಿಮೆ. ತೆಂಗಿನಕಾಯಿಯ ಆಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುತ್ತಾರೆ, ಎಸೆಯುತ್ತಾರೆ, ಒಬ್ಬರ ಮೇಲೊಬ್ಬರು ಬೀಳುತ್ತಾರೆ. ಮೊದಲ ದಿನ ನನಗೆ ಏನೂ ತಲೆಬುಡ ತಿಳಿಯಲಿಲ್ಲ. ಎರಡನೆಯ ಭಾನುವಾರ ಒಂದು ವಿಷಯ ಕಣ್ಣಿಗೆ ಬಿತ್ತು.

‘ಅಲ್ಲೋ, ಮುಂದೆ ಐದು ಜನ ದಢೂತಿಗಳು ಬಗ್ಗಿ ನಿಲ್ತಾರಲ್ಲ, ಅವರು ಚೆಂಡು ಹಿಡಿದದ್ದು ನಾನು ನೋಡಲೇ ಇಲ್ಲವಲ್ಲ?’ ಎಂದೆ.

‘ಅವರ ಕೆಲಸ ಅದಲ್ಲ ಅಜ್ಜ. ಅವರು ಅಡ್ಡ ನಿಲ್ಲೋರು’ ಎಂದ ಅವನು.

ಆಟದ ಲೆಕ್ಕ ಹೀಗಿದೆ. ತಂಡಕ್ಕೆ ಹನ್ನೊಂದು ಜನ. ಚೆಂಡು ಇರುವ ತಂಡಕ್ಕೆ ನಾಲ್ಕು ಅವಕಾಶ. ಅಷ್ಟರಲ್ಲಿ ಹತ್ತು ಗಜ ಮುಂದೆ ಹೋದರೆ ಇನ್ನೂ ನಾಲ್ಕು ಸಿಗುತ್ತವೆ. ಐವರ ಸಾಲಿನ ನಡುವಿನವನು ಚೆಂಡನ್ನು ಕಾಲ ಸಂದಿನಿಂದ ಹಿಂದಕ್ಕೆ ಕೊಡುತ್ತಾನೆ. ಇದಕ್ಕೆ ಸ್ನ್ಯಾಪ್ ಎನ್ನುತ್ತಾರೆ. ಹಿಂದೆ ನಿಂತ ಕ್ವಾರ್ಟರ್‌ಬ್ಯಾಕ್ ಅದನ್ನು ಪಡೆದು, ಯಾರಿಗೆ ಎಸೆಯಲಿ ಎಂದು ನೋಡುತ್ತಾನೆ. ಅವನಿಗೆ ಸಿಗುವುದು ಎರಡು ಮೂರು ಸೆಕೆಂಡು ಮಾತ್ರ. ಅಷ್ಟರಲ್ಲಿ ಎದುರಾಳಿಗಳು ಅವನನ್ನು ಕೆಡವಲು ಗೂಳಿಗಳಂತೆ ನುಗ್ಗುತ್ತಾರೆ. ಆ ಎರಡು ಮೂರು ಸೆಕೆಂಡು ಅವರನ್ನು ತಡೆಯುವುದೇ ಮುಂದಿನ ಐವರ ಕೆಲಸ. ಎಸೆದ ಚೆಂಡನ್ನು ಹಿಡಿಯಲು ನಿಯಮ ಸಾಮಾನ್ಯವಾಗಿ ಅವರಿಗೆ ಬಿಡುವುದೇ ಇಲ್ಲ.

ಈ ಐವರಲ್ಲಿ ಎಡತುದಿಯವನ ಹೊಣೆ ದೊಡ್ಡದು. ಬಲಗೈಯಲ್ಲಿ ಎಸೆಯುವವನು ಮೈ ತಿರುಗಿಸಿದಾಗ ಅವನ ಎಡಬದಿ ಅವನಿಗೇ ಕಾಣುವುದಿಲ್ಲ. ಅಲ್ಲಿಂದ ಏಟು ಬಿದ್ದರೆ ಬಂದದ್ದೇ ತಿಳಿಯುವುದಿಲ್ಲ. ಎಡತುದಿಯವನು ಬೇರೊಬ್ಬನ ಬೆನ್ನು ಕಾಯುವವನು.

ನಮ್ಮ ಕಥಾನಾಯಕ ಅಂಥವನು. ಹೆಸರು ಜೋ ಥಾಮಸ್. ವಿಸ್ಕಾನ್ಸಿನ್ ರಾಜ್ಯದವನು, ಹುಟ್ಟಿದ್ದು 1984ರಲ್ಲಿ. ಆರೂವರೆ ಅಡಿ ಎತ್ತರ, ತೂಕ ಸುಮಾರು 140 ಕಿಲೋ. ಅಲ್ಲಿ ವರ್ಷಕ್ಕೊಮ್ಮೆ ವೃತ್ತಿಪರ ತಂಡಗಳು ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುತ್ತವೆ. 2007ರ ಏಪ್ರಿಲ್‌ನಲ್ಲಿ ಆ ಸಮಾರಂಭ ನ್ಯೂಯಾರ್ಕಿನಲ್ಲಿ ನಡೆಯಿತು. ಒಳ್ಳೆಯ ಸೂಟು ತೊಟ್ಟು ವೇದಿಕೆ ಹತ್ತುವುದೆಂದರೆ ಆ ಹುಡುಗರಿಗೆಲ್ಲ ಹಬ್ಬ. ಆದರೆ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡ ಮೂರನೆಯ ಆಯ್ಕೆಯಾಗಿ ಜೋನ ಹೆಸರು ಕೂಗಿದಾಗ ಅವನು ಎಲ್ಲಿದ್ದ ಗೊತ್ತೇ? ಅಪ್ಪನ ಜೊತೆ ಮಿಶಿಗನ್ ಸರೋವರದಲ್ಲಿ, ದೋಣಿಯ ಮೇಲೆ, ಮೀನು ಹಿಡಿಯುತ್ತಿದ್ದ!

ಆ ವರ್ಷದ ಮೊದಲ ಪಂದ್ಯದ ಮೊದಲ ಸ್ನ್ಯಾಪ್‌ನಿಂದ ಅವನು ಎಡತುದಿಯಲ್ಲಿ ನಿಂತ. 2017ರ ಅಕ್ಟೋಬರ್ 22ರಂದು ಎಡತೋಳಿನ ಸ್ನಾಯು ಹರಿಯುವವರೆಗೆ ತಂಡ ಚೆಂಡು ಹಿಡಿದು ಆಡಿದ ಒಂದೇ ಒಂದು ಸ್ನ್ಯಾಪ್ ಕೂಡ ತಪ್ಪಿಸಲಿಲ್ಲ. 167 ಪಂದ್ಯ, ಸತತ 10,363 ಸ್ನ್ಯಾಪ್. ಮೊದಲು ಕೇಳಿದ ಸಂಖ್ಯೆಯ ಗುಟ್ಟು ಇದೇ. ಹತ್ತು ವರ್ಷ ಒಂದು ತರಗತಿಯನ್ನಷ್ಟೇ ಅಲ್ಲ, ಒಂದು ಹಾಜರಿಯನ್ನೂ ತಪ್ಪಿಸದ ಹುಡುಗನನ್ನು ನೆನೆಸಿಕೊಳ್ಳಿ. ಅದೂ ಪ್ರತಿ ಹಾಜರಿಗೂ ಒಬ್ಬ ಪೈಲ್ವಾನನೊಡನೆ ಗುದ್ದಾಡಿ!

ಇಷ್ಟು ಹೇಳಿದ ಮೊಮ್ಮಗ ಕೊನೆಯಲ್ಲಿ ಒಂದು ಪ್ರಶ್ನೆ ಎಸೆದ. ‘ಆದ್ರೆ ಅಜ್ಜ, ಅವನ ಟೀಮ್ ಬರೀ ಸೋಲ್ತಿತ್ತು. ಸೋತೋರನ್ನ ಗ್ರೇಟ್ ಅಂತ ಯಾಕೆ ಅಂತಾರೆ?’

ನಾನು ಬ್ಯಾಂಕಿನಲ್ಲಿದ್ದವನಲ್ಲವೇ, ಕಾಗದ ಪೆನ್ಸಿಲು ತರಿಸಿದೆ. ಇಬ್ಬರೂ ಕೂತು ವರ್ಷವರ್ಷದ ಲೆಕ್ಕ ಬರೆದೆವು. ಅವನ ಮೊದಲ ವರ್ಷ ಹತ್ತು ಗೆಲುವು, ಆರು ಸೋಲು. ಅದೇ ಅತ್ಯುತ್ತಮ. ಆಮೇಲೆ ಇಳಿಮುಖ. 2016ರಲ್ಲಿ ಹದಿನಾರು ಪಂದ್ಯಗಳಲ್ಲಿ ಗೆದ್ದದ್ದು ಒಂದು. 2017ರಲ್ಲಿ ಅದೂ ಇಲ್ಲ, ಹದಿನಾರಕ್ಕೆ ಹದಿನಾರೂ ಸೋಲು. ಜೋ ಆಡಿದ 167 ಪಂದ್ಯಗಳಲ್ಲಿ ಗೆಲುವು 48, ಸೋಲು 119. ಋತುವಿನ ಕೊನೆಗೆ ನಡೆಯುವ ನಾಕೌಟ್ ಪಂದ್ಯಗಳಲ್ಲಿ ಒಂದನ್ನೂ ಅವನು ಆಡಲಿಲ್ಲ. ಆರು ಮಂದಿ ಮುಖ್ಯ ತರಬೇತುದಾರರು ಬದಲಾದರು. 2015ರಲ್ಲಿ ಅವನನ್ನು ಡೆನ್ವರ್ ತಂಡಕ್ಕೆ ಕೊಡುವ ಮಾತುಕತೆ ನಡೆದು ಮುರಿದುಬಿತ್ತೆಂದು ಪತ್ರಿಕೆಗಳು ಬರೆದವು. ಆ ಋತುವಿನ ಸೂಪರ್ ಬೌಲ್ ಗೆದ್ದದ್ದು ಅದೇ ಡೆನ್ವರ್!

ಈಗ ಇನ್ನೊಂದು ಪುಟ. ಪಂದ್ಯಗಳ ವಿಡಿಯೊ ನೋಡಿ ಲೆಕ್ಕವಿಡುವವರು ಹೇಳುವಂತೆ, ಎಸೆಯುವವನನ್ನು ಕಾಯಬೇಕಾದ ಸ್ನ್ಯಾಪ್‌ಗಳು 6,680. ಅವುಗಳಲ್ಲಿ ಜೋನ ತಪ್ಪಿನಿಂದ ಎಸೆಯುವವನು ನೆಲಕ್ಕುರುಳಿದ್ದು 30 ಸಲ. ಅಂದರೆ 220ಕ್ಕೂ ಹೆಚ್ಚು ಸಲ ಕಾದ ಮೇಲೆ ಒಮ್ಮೆ ತಪ್ಪು. ತಂಡ ಸೋಲಲಿ ಗೆಲ್ಲಲಿ, ಅವನ ಪುಟ ಮಾತ್ರ ಸರಿಯಾಗಿತ್ತು. ಮೊದಲ ಹತ್ತು ವರ್ಷವೂ ಅವನನ್ನು ಶ್ರೇಷ್ಠ ಆಟಗಾರರ ಪಂದ್ಯವಾದ ಪ್ರೊ ಬೌಲ್‌ಗೆ ಆರಿಸಿದರು. 2023ರಲ್ಲಿ ಕ್ಯಾಂಟನ್ ಊರಿನ ಹಾಲ್ ಆಫ್ ಫೇಮ್‌ಗೂ ಸೇರಿಸಿದರು.

ನಾನು ಬ್ರಾಂಚಿನಲ್ಲಿದ್ದಾಗ ಕಂಪ್ಯೂಟರ್ ಇರಲಿಲ್ಲ. ಸಂಜೆ ಲೆಡ್ಜರ್, ಡೇ ಬುಕ್, ಕ್ಯಾಷ್ ಮೂರೂ ತಾಳೆಯಾಗಬೇಕು. ಮೂವತ್ತೈದು ಪೈಸೆ ವ್ಯತ್ಯಾಸ ಬಂದರೂ ಮನೆಗೆ ಹೋಗುವಂತಿಲ್ಲ. ಒಮ್ಮೆ ರಾತ್ರಿ ಒಂಬತ್ತೂವರೆಗೆ ಸಿಕ್ಕಿತು: 53ನ್ನು ಯಾರೋ 35 ಎಂದು ಬರೆದಿದ್ದರು. ಆ ‘ಯಾರೋ’ ನಾನೇ. ತಾಳೆಯಾದ ದಿನ ಯಾರೂ ಬಂದು ಶಹಭಾಸ್ ಎನ್ನಲಿಲ್ಲ. ಪಾಸ್‌ಬುಕ್ಕಿನಲ್ಲಿ ಒಂದು ಅಂಕಿ ತಪ್ಪಿದರೆ ಮಾತ್ರ ಗ್ರಾಹಕರು ‘ಇದನ್ನು ಬರೆದವರು ಯಾರ್ರೀ?’ ಎಂದು ಕೇಳುತ್ತಿದ್ದರು. ಜೋನ ಕೆಲಸವೂ ಅಂಥದ್ದೇ. ಅವನು ನಿಯಮ ಮೀರಿ ಎದುರಾಳಿಯನ್ನು ಹಿಡಿದೆಳೆದರೆ ಮೈಕಿನಲ್ಲಿ ರೆಫರಿ ‘ನಂಬರ್ 73’ ಎಂದು ಸಾರುತ್ತಾನೆ. ಸರಿಯಾಗಿ ಆಡಿದರೆ ಕ್ಯಾಮೆರಾ ಚೆಂಡಿನ ಹಿಂದೆ ಹೋಗಿರುತ್ತದೆ.

ಒಂದು ಮಾತು ಮುಚ್ಚಿಡಬಾರದು. ಈ ಆಟ ದೇಹವನ್ನು ಹಿಂಡುತ್ತದೆ. ತಲೆಗೆ ಮತ್ತೆ ಮತ್ತೆ ಪೆಟ್ಟು ಬಿದ್ದವರ ಮಿದುಳಿಗೆ ಹಾನಿಯಾಗುವುದುಂಟು. ತನಗೂ ಮರೆವು ಕಾಡುತ್ತಿದೆ ಎಂದು ಜೋ 2017ರಲ್ಲಿ ಹೇಳಿಕೊಂಡ. ಮರುವರ್ಷ 33ನೆಯ ವಯಸ್ಸಿಗೇ ನಿವೃತ್ತನಾಗಿ, ಇಪ್ಪತ್ತು ಕಿಲೋಗೂ ಹೆಚ್ಚು ತೂಕ ಇಳಿಸಿದ. ಹಾಗಾಗಿ ಜ್ವರವಿದ್ದರೂ ಶಾಲೆಗೆ ಹೋಗಿ ಎಂದು ನಾನು ಹೇಳುತ್ತಿಲ್ಲ. ತೋಳು ಹರಿದಾಗ ಜೋ ಕೂಡ ಹೊರಗೆ ನಡೆದ.

ಲೆಕ್ಕವೆಲ್ಲ ನೋಡಿದ ಮೊಮ್ಮಗ ಪೆನ್ಸಿಲು ಕಚ್ಚುತ್ತಾ ಕೇಳಿದ: ‘ಅಜ್ಜ, ನೀನು ಎಷ್ಟು ದಿನ ತಾಳೆ ಮಾಡಿದ್ದೆ?’

ನಾನು ತಬ್ಬಿಬ್ಬಾದೆ. ಸಾವಿರಾರು ಜನರ ಲೆಕ್ಕವಿಟ್ಟವನು ಅದೊಂದನ್ನು ಎಣಿಸಿರಲೇ ಇಲ್ಲ. ಅವನೇ ವರ್ಷಕ್ಕೆ ಇಷ್ಟು ದಿನ ಎಂದು ಗುಣಿಸಿ, ಒಂದು ಸಂಖ್ಯೆ ಬರೆದು, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ. ಎಷ್ಟೆಂದು ಹೇಳುವುದಿಲ್ಲ. ಜೋನಿಗಿಂತ ಕಡಿಮೆಯೇ.

ಮಕ್ಕಳೇ, ಈ ವಾರ ನೀವೂ ಮನೆಯ ಅಜ್ಜ ಅಜ್ಜಿಯ ಹತ್ತಿರ ಕೂತು ಹೀಗೊಂದು ಲೆಕ್ಕ ಹಾಕಿ. ಅಜ್ಜಿ ಎಷ್ಟು ಬೆಳಗು ಒಲೆ ಹಚ್ಚಿದ್ದಾರೆ? ಅಜ್ಜ ಎಷ್ಟು ಸಲ ಹೊಲಕ್ಕೆ ನೀರು ಬಿಟ್ಟಿದ್ದಾರೆ? ಉತ್ತರ 10,363 ದಾಟಿದರೆ ನನಗೆ ತಪ್ಪದೇ ಬರೆದು ತಿಳಿಸಿ.