ಹಕ್ಕಿಯ ಕಾಲಿಗೊಂದು ಸೀರಿಯಲ್ ನಂಬರು

ಎಲ್ಲರ ಜೇಬಲ್ಲೂ ಜಿಪಿಎಸ್ ಇರೋ ಕಾಲದಲ್ಲಿ, ಹಕ್ಕಿ ಹಿಡಿದು ಕಾಲಿಗೆ ಅಲ್ಯುಮಿನಿಯಂ ಉಂಗುರ ಹಾಕಿ, ನಂಬರು ಬರೆದುಕೊಂಡು ಹಾರಿಬಿಡೋದು ಯಾವ ಕಾಲದ ಟೆಕ್ನಾಲಜಿ ಸ್ವಾಮಿ? ಮೆಸ್ಸಿನಲ್ಲಿ ಈ ವಿಷಯ ಎತ್ತಿದಾಗ ಗೆಳೆಯರಿಂದ ಬಂದ ಮೊದಲ ಪ್ರಶ್ನೆ ಇದೇ. ಎರಡನೆಯದು, "ಪಾಪ, ಹಕ್ಕಿಗೆ ಹಿಂಸೆ ಆಗಲ್ವಾ?" ಎರಡೂ ನ್ಯಾಯವಾದ ಪ್ರಶ್ನೆಗಳೇ. ಆದರೆ ಮೊದಲನೆಯದಕ್ಕೆ ನನ್ನ ಉತ್ತರ ಸ್ವಲ್ಪ ಖಾರವಾಗಿದೆ. ಹಳೇ ಕಾಲದ್ದು ಅಂತ ನಾವು ನಗೋ ಈ ಉಂಗುರದ ಕೆಲಸದಲ್ಲಿ ನಮ್ಮ ಸಿಲಬಸ್ಸಿನಲ್ಲಿ ಎಲ್ಲೂ ಇಲ್ಲದ ಒಂದು ಪಾಠ ಇದೆ. ಒಂದೇ ಅಳತೆಯನ್ನ, ಒಂದೇ ರೀತಿಯಲ್ಲಿ, ಬೇಜಾರಾದರೂ ಬಿಡದೆ ವರ್ಷಗಟ್ಟಲೆ ತಗೊಳ್ತಾ ಹೋಗೋದು.

ಹೆಲ್ಗೋಲ್ಯಾಂಡನ್ನೇ ತಗೊಳ್ಳಿ. ಜರ್ಮನಿಯ ಕರಾವಳಿಯಿಂದ ದೂರ, ಉತ್ತರ ಸಮುದ್ರದ ಮಧ್ಯೆ ಎದ್ದು ನಿಂತ ಕೆಂಪು ಬಂಡೆಯ ದ್ವೀಪ. ಮುಖ್ಯ ದ್ವೀಪದ ವಿಸ್ತೀರ್ಣ ಹೆಚ್ಚುಕಮ್ಮಿ ಒಂದು ಚದರ ಕಿಲೋಮೀಟರ್ ಅಷ್ಟೇ. ಇಷ್ಟು ಜಾಗದಲ್ಲಿ ಈವರೆಗೆ 400ಕ್ಕೂ ಹೆಚ್ಚು ಜಾತಿಯ ಹಕ್ಕಿಗಳು ದಾಖಲಾಗಿವೆ. ಕಾರಣ ಸರಳ. ರಾತ್ರಿ ಹೊತ್ತು ಸಮುದ್ರ ದಾಟೋ ಹಕ್ಕಿಗೆ ಮೋಡ, ಮಳೆ, ಎದುರುಗಾಳಿ ಸಿಕ್ಕಿತು ಅನ್ನಿ; ಕೆಳಗೆ ಎಲ್ಲ ಕಡೆ ನೀರು, ಇಳಿಯೋಕೆ ಇರೋದು ಇದೊಂದೇ ಬಂಡೆ. ಹೈನ್ರಿಚ್ ಗೆಟ್ಕೆ ಅನ್ನೋ ಚಿತ್ರಕಾರ 1837ರಲ್ಲಿ ಅಲ್ಲಿಗೆ ಹೋದವನು ಅಲ್ಲೇ ಉಳಿದುಬಿಟ್ಟ. ಸುಮಾರು ಅರ್ಧ ಶತಮಾನ ಹಕ್ಕಿಗಳ ಲೆಕ್ಕ ಇಟ್ಟು 1891ರಲ್ಲಿ ಪುಸ್ತಕ ಮಾಡಿದ. 1910ರಲ್ಲಿ ಹ್ಯೂಗೊ ವೈಗೋಲ್ಡ್ ನೇತೃತ್ವದಲ್ಲಿ ಅಲ್ಲಿ ಪಕ್ಷಿ ಅಧ್ಯಯನ ಕೇಂದ್ರವೇ ಶುರುವಾಯಿತು.

ವಲಸೆ ನೋಡೋಕೆ ವಸಂತಕಾಲ ಚೆಂದ ಅಂತಾರೆ. ನನಗೆ ಮಾತ್ರ ಶರತ್ಕಾಲದ ಕೊನೆಯ ವಾರಗಳ ಬಗ್ಗೆ ಓದೋದೇ ಇಷ್ಟ. ಅಕ್ಟೋಬರ್ ಮಧ್ಯದಿಂದ ನವೆಂಬರ್‌ವರೆಗೆ. ಹೊತ್ತಿಗೆ ಮುಂಚೆ ಕತ್ತಲು, ಚಳಿ, ಗಾಳಿ. ದೂರದ ಆಫ್ರಿಕಾಕ್ಕೆ ಹೋಗೋ ಹಕ್ಕಿಗಳು ಬಹುಪಾಲು ಆಗಲೇ ದಾಟಿ ಹೋಗಿರುತ್ತವೆ. ಈಗ ಬರೋದು ಸ್ಕ್ಯಾಂಡಿನೇವಿಯಾ ಕಡೆಯಿಂದ ಚಳಿಗೆ ಹೆದರಿ ಹೊರಟ ಬ್ಲ್ಯಾಕ್‌ಬರ್ಡ್, ರೆಡ್‌ವಿಂಗ್, ಫೀಲ್ಡ್‌ಫೇರ್, ರಾಬಿನ್‌ಗಳು. ಜೊತೆಗೆ ಗೋಲ್ಡ್‌ಕ್ರೆಸ್ಟ್. ಇದರ ತೂಕ ಐದಾರು ಗ್ರಾಂ. ನಾವು ಲ್ಯಾಬ್ ರೆಕಾರ್ಡಿಗೆ ಪ್ರಿಂಟ್ ಹಾಕ್ತೀವಲ್ಲ, 80 ಜಿಎಸ್ಎಂ ಎ4 ಹಾಳೆ, ಅದರ ಒಂದು ಹಾಳೆಯ ತೂಕ 5 ಗ್ರಾಂ. ಅಷ್ಟು ತೂಕದ ಒಂದು ಜೀವ ನವೆಂಬರ್ ರಾತ್ರಿಯಲ್ಲಿ ಸಮುದ್ರದ ಮೇಲೆ ನೂರಾರು ಕಿಲೋಮೀಟರ್ ಹಾರುತ್ತೆ! ಹಿಂದೆ ಇಂಗ್ಲೆಂಡಿನ ಪೂರ್ವ ಕರಾವಳಿಯ ಜನಕ್ಕೆ ಇದನ್ನ ನಂಬೋಕೇ ಆಗಿರಲಿಲ್ಲ. ಅದೇ ಹೊತ್ತಿಗೆ ಬರೋ ವುಡ್‌ಕಾಕ್ ಅನ್ನೋ ದೊಡ್ಡ ಹಕ್ಕಿಯ ಬೆನ್ನೇರಿ ಬರುತ್ತೆ ಅಂದುಕೊಂಡಿದ್ದರು.

ಇನ್ನು ಹಿಡಿಯೋದು ಹೇಗೆ? ಇಲ್ಲಿ ಒಂದು ಮಜಾ ಇದೆ. ಮರವೇ ಇಲ್ಲದ ದ್ವೀಪದಲ್ಲಿ ಇಳಿದ ಹಕ್ಕಿ ಮೊದಲು ಹುಡುಕೋದು ಪೊದೆಯನ್ನ. ದ್ವೀಪದ ಜನ ಇದನ್ನ ಬಹಳ ಹಿಂದೆಯೇ ಕಂಡುಕೊಂಡು, ಪೊದೆ ಕಟ್ಟಿ, ಬಲೆ ಹಾಕಿ, ಹಕ್ಕಿ ಹಿಡಿದು ಊಟಕ್ಕೆ ಮಾಡ್ಕೋತಿದ್ದರು. ಕೇಂದ್ರದವರು ಅದೇ ಉಪಾಯವನ್ನ ತಗೊಂಡು ಬೇರೆ ಕೆಲಸಕ್ಕೆ ತಿರುಗಿಸಿದರು. 1911ರಿಂದ ಅಲ್ಲೊಂದು ತೋಟ ಬೆಳೆಸಿದರು. ಪೊದೆಗಳ ಮೇಲೆ ತಂತಿಬಲೆಯ ದೊಡ್ಡ ಆಲಿಕೆ. ಬಾಯಿ ಅಗಲ, ಒಳಗೆ ಹೋಗ್ತಾ ಹೋಗ್ತಾ ಕಿರಿದು, ತುದಿಯಲ್ಲೊಂದು ಪೆಟ್ಟಿಗೆ. ಹಿಂದಿನಿಂದ ಮನುಷ್ಯ ನಿಧಾನಕ್ಕೆ ನಡೆದು ಬಂದರೆ ಹಕ್ಕಿ ಮುಂದೆ ಮುಂದೆ ಸರಿದು ಬೆಳಕಿರೋ ಪೆಟ್ಟಿಗೆಗೆ ಹೋಗಿ ಸೇರುತ್ತೆ. ಮೋಟಾರಿಲ್ಲ, ಸೆನ್ಸರ್ ಇಲ್ಲ. ಈ ವಿನ್ಯಾಸಕ್ಕೆ ಪ್ರಪಂಚದೆಲ್ಲೆಡೆ ಹೆಲ್ಗೋಲ್ಯಾಂಡ್ ಬೋನು ಅಂತಲೇ ಹೆಸರು. ಅಡುಗೆಮನೆಯಿಂದ ಹುಟ್ಟಿ ಪ್ರಯೋಗಶಾಲೆಗೆ ಬಂದ ಡಿಸೈನು!

ಹಕ್ಕಿಯನ್ನ ಬಟ್ಟೆಚೀಲದಲ್ಲಿಟ್ಟು ಗುಡಿಸಲಿಗೆ ತರ್ತಾರೆ. ಕಾಲಿನ ದಪ್ಪಕ್ಕೆ ತಕ್ಕ ಅಳತೆಯ ಉಂಗುರ, ಅದಕ್ಕೇ ಅಂತ ಇರೋ ಇಕ್ಕಳದಿಂದ ಒತ್ತಿದರೆ ಅಂಚಿಗೆ ಅಂಚು ಕೂಡಬೇಕು. ಆಮೇಲೆ ರೆಕ್ಕೆಯ ಉದ್ದ ಮಿಲಿಮೀಟರಿನಲ್ಲಿ. ಗರಿಗಳ ಸವೆತ, ಬಣ್ಣ ನೋಡಿ ಇದು ಈ ವರ್ಷದ ಮರಿಯೋ ಹಳೆಯ ಹಕ್ಕಿಯೋ ಅಂತ ನಿರ್ಧಾರ. ಹೊಟ್ಟೆಯ ಪುಕ್ಕದ ಮೇಲೆ ಮೆಲ್ಲಗೆ ಊದಿದರೆ ತೆಳು ಚರ್ಮದ ಕೆಳಗೆ ಹಳದಿ ಕೊಬ್ಬು ಕಾಣುತ್ತೆ. ಅದಕ್ಕೆ 0ಯಿಂದ 8ರವರೆಗೆ ಅಂಕ. ಫ್ಯುಯೆಲ್ ಗೇಜ್ ಓದಿದ ಹಾಗೆ. ತೂಕ ನೋಡೋಕೆ ಸಣ್ಣ ಡಬ್ಬಿಯಲ್ಲಿ ತಲೆಕೆಳಗಾಗಿ ಇಳಿಸ್ತಾರೆ, ಆಗ ಹಕ್ಕಿ ಒದ್ದಾಡದೆ ಸುಮ್ಮನಿರುತ್ತೆ. ಎಲ್ಲ ಕೆಲವೇ ನಿಮಿಷದ ಕೆಲಸ, ಆಮೇಲೆ ಕಿಟಕಿಯಿಂದ ಆಚೆಗೆ. ಅದೇ ಹಕ್ಕಿ ಎರಡು ದಿನ ಬಿಟ್ಟು ಮತ್ತೆ ಬೋನಿಗೆ ಬಂದರೆ ಇನ್ನೂ ಖುಷಿ. ದ್ವೀಪದಲ್ಲಿ ತಿಂದು ಎಷ್ಟು ಗ್ರಾಂ ತುಂಬಿಕೊಂಡಿತು ಅನ್ನೋದು ಗೊತ್ತಾಗುತ್ತೆ. ನಂಬರ್ ಇಲ್ಲದಿದ್ದರೆ ಇದು ಅದೇ ಹಕ್ಕಿ ಅಂತ ಹೇಳೋದಾದರೂ ಹೇಗೆ?

ಒಂಟಿ ಒಂಟಿಯಾಗಿ ನೋಡಿದರೆ ಈ ಅಂಕಿಗಳಿಗೆ ಯಾವ ಬೆಲೆಯೂ ಇಲ್ಲ. ಇವತ್ತು ಹಿಡಿದ ಹದಿನೇಳನೆಯ ಬ್ಲ್ಯಾಕ್‌ಬರ್ಡಿನ ರೆಕ್ಕೆ 130 ಮಿಲಿಮೀಟರ್ ಇದ್ದರೆ ಯಾರಿಗೇನು? ಬೆಲೆ ಬರೋದು ಹಿಂದಕ್ಕೆ ತಿರುಗಿ ನೋಡಿದಾಗ. ಅದೇ ತೋಟ, ಅದೇ ಬೋನು, ದಿನದಿನವೂ ಅದೇ ಕ್ರಮದಲ್ಲಿ ಹಿಡಿದ ಲೆಕ್ಕ 1960ರಿಂದ ಇತ್ತು. 2003ರಲ್ಲಿ ಅಲ್ಲಿನ ವಿಜ್ಞಾನಿಗಳು ನಲವತ್ತು ವರ್ಷದ ಆ ಲೆಕ್ಕವನ್ನ ಹರಡಿಕೊಂಡು ಕೂತಾಗ ಕಂಡಿದ್ದೇನು ಗೊತ್ತಾ? ವಸಂತದಲ್ಲಿ ಹೆಚ್ಚಿನ ಜಾತಿಯ ಹಕ್ಕಿಗಳು ವರ್ಷದಿಂದ ವರ್ಷಕ್ಕೆ ಮುಂಚೆ ಮುಂಚೆ ದ್ವೀಪ ದಾಟುತ್ತಿವೆ. ಹವಾಮಾನ ಬದಲಾವಣೆಗೆ ಹಕ್ಕಿಗಳೇ ಬರೆದುಕೊಟ್ಟ ಸಾಕ್ಷಿ. 1960ರಲ್ಲಿ ಬೋನಿನ ಹಿಂದೆ ನಡೆಯುತ್ತಿದ್ದವರ ತಲೆಯಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಉತ್ತರವನ್ನ ಮಾತ್ರ ಅವರು ಕೂಡಿಡುತ್ತಾ ಹೋಗಿದ್ದರು.

ಆ ಲೆಕ್ಕ 1960ರಿಂದಾದರೂ ಸಾಧ್ಯವಾಗಿದ್ದೇ ದೊಡ್ಡದು. ಎರಡನೇ ಮಹಾಯುದ್ಧದ ಕೊನೆಗೆ ಬಾಂಬುಗಳಿಂದ ದ್ವೀಪ ನೆಲಸಮವಾಗಿ ಜನರೆಲ್ಲ ಖಾಲಿ ಮಾಡಿದ್ದರು. 1947ರಲ್ಲಿ ಬ್ರಿಟಿಷರು ಸುಮಾರು 6,700 ಟನ್ ಸ್ಫೋಟಕ ಇಟ್ಟು ಅಲ್ಲಿನ ಸೇನಾ ಕಟ್ಟಡಗಳನ್ನ ಉಡಾಯಿಸಿದರು, ಆಮೇಲೆ 1952ರವರೆಗೆ ದ್ವೀಪವನ್ನ ಬಾಂಬ್ ಅಭ್ಯಾಸಕ್ಕೆ ಗುರಿಯಾಗಿ ಬಳಸಿದರು. ಮರಳಿ ಬಂದವರು ತೋಟವನ್ನ ಮತ್ತೆ ಬೆಳೆಸಿ ಕೆಲಸ ಶುರುಮಾಡಿದರು. (ಮುರ್ಡೇಶ್ವರದ ಎದುರಿಗಿರೋ ನಮ್ಮ ನೇತ್ರಾಣಿ ದ್ವೀಪವೂ ನೌಕಾಪಡೆಯ ಗುರಿ ಅಭ್ಯಾಸಕ್ಕೆ ಸಿಕ್ಕಿದ್ದು ನೆನಪಾಗುತ್ತೆ. ಅಲ್ಲಿ ಬಿಳಿಹೊಟ್ಟೆಯ ಸಮುದ್ರ ಹದ್ದುಗಳು ಗೂಡು ಕಟ್ಟುತ್ತವೆ. ಹೋಗೋರೆಲ್ಲ ಸ್ಕೂಬಾ ಡೈವಿಂಗ್ ಫೋಟೊ ಹಾಕ್ತಾರೆ.)

ಈಗ ನಮ್ಮ ಕಡೆ ನೋಡಿ. ಫೈನಲ್ ಇಯರ್ ಪ್ರಾಜೆಕ್ಟು ಅಂದ ಕೂಡಲೇ ಕೇಳೋ ಮೊದಲ ಪ್ರಶ್ನೆ "ಏನು ನಾವೆಲ್ಟಿ?" ಹೋದ ವರ್ಷ ಸೀನಿಯರ್ಸ್ ಹಾಕಿದ್ದ ಸೆನ್ಸರನ್ನ ಈ ವರ್ಷವೂ ಓದಿಸ್ತೀವಿ, ಕ್ಯಾಲಿಬ್ರೇಷನ್ ಸರಿ ಇದೆಯಾ ನೋಡ್ತೀವಿ ಅಂದರೆ ಯಾವ ಗೈಡೂ ಒಪ್ಪಲ್ಲ. ಕೆರೆ ನೀರಿನ ಗುಣಮಟ್ಟ, ಗಾಳಿಯ ಧೂಳು, ಅಂತರ್ಜಲ, ಎಷ್ಟು ಬ್ಯಾಚು ಎಷ್ಟು ಸಲ ಅಳೆದಿಲ್ಲ? ವೈವಾ ಮುಗಿದ ಸಂಜೆ ಬ್ರೆಡ್‌ಬೋರ್ಡಿಂದ ತಂತಿ ಕಿತ್ತು, ಬಿಡಿಭಾಗಗಳನ್ನ ಸ್ಟೋರಿಗೆ ವಾಪಸ್ ಕೊಟ್ಟು, ಸಹಿ ಹಾಕಿಸಿಕೊಂಡರೆ ಕಥೆ ಮುಗೀತು. ಡೇಟಾ ಯಾರದೋ ಲ್ಯಾಪ್‌ಟಾಪಿನಲ್ಲಿ, ಆ ಲ್ಯಾಪ್‌ಟಾಪು ಈಗ ಬೆಂಗಳೂರಿನ ಯಾವುದೋ ಪಿಜಿಯಲ್ಲಿ. ನಮಗೆ ಮೆಷರ್‌ಮೆಂಟ್ಸ್ ಪೇಪರ್ ಇದೆ, ಎರರ್ ಅನಾಲಿಸಿಸ್ ಇದೆ. ಆದರೆ ಹತ್ತು ವರ್ಷ ಹಳೆಯ ಒಂದೇ ಒಂದು ರೀಡಿಂಗನ್ನ ಇವತ್ತಿನ ರೀಡಿಂಗಿನ ಪಕ್ಕ ಇಟ್ಟು ನೋಡೋ ಭಾಗ್ಯ ನಾಲ್ಕು ವರ್ಷದಲ್ಲಿ ಒಮ್ಮೆಯೂ ಬರಲ್ಲ.

ಹಾಗಾದ್ರೆ ಜಿಪಿಎಸ್ ಬೇಡವಾ? ಬೇಕು, ದೊಡ್ಡ ಹಕ್ಕಿಗಳ ವಿಷಯದಲ್ಲಿ ಅದು ಮಾಡಿರೋ ಕೆಲಸ ಸಣ್ಣದಲ್ಲ. ಆದರೆ ಲೆಕ್ಕ ಹಾಕಿ ನೋಡಿ. ಹಕ್ಕಿಗೆ ಕಟ್ಟೋ ಯಂತ್ರ ಅದರ ದೇಹತೂಕದ ನೂರಕ್ಕೆ ಮೂರರಿಂದ ಐದು ಭಾಗ ಮೀರಬಾರದು ಅನ್ನೋದು ಈ ಕ್ಷೇತ್ರದ ರೂಢಿ. 5.5 ಗ್ರಾಂ ಗೋಲ್ಡ್‌ಕ್ರೆಸ್ಟಿಗೆ ಶೇಕಡಾ 3 ಅಂದರೆ 0.165 ಗ್ರಾಂ. ಅದರಲ್ಲೇ ಬ್ಯಾಟರಿ, ಆಂಟೆನಾ, ಚಿಪ್ಪು, ಅಂಟು, ಎಲ್ಲ ಬರಬೇಕು. ಇಲ್ಲಿ ಇಸಿಇ ಅವರಿಗೆ ಒಳ್ಳೆ ಸವಾಲಿದೆ, ಒಪ್ತೀನಿ. ಇಕಾರಸ್ ಅನ್ನೋ ಯೋಜನೆಯಲ್ಲಿ 2018ರಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೇ ಆಂಟೆನಾ ಕಟ್ಟಿದರು, ಪ್ರಾಣಿಪಕ್ಷಿಗಳ ಸಿಗ್ನಲ್ ಹಿಡಿಯೋಕೆ. ಅದರ ಟ್ಯಾಗಿನ ತೂಕ ಸುಮಾರು 5 ಗ್ರಾಂ, ಅಂದರೆ ಒಂದು ಇಡೀ ಗೋಲ್ಡ್‌ಕ್ರೆಸ್ಟ್! 2022ರಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ರಷ್ಯಾ ಕಡೆಯಿಂದ ಡೇಟಾ ಬರೋದು ನಿಂತು ಆ ವ್ಯವಸ್ಥೆಯೇ ಸ್ಥಗಿತವಾಯಿತು. ಉಂಗುರಕ್ಕೆ ಬ್ಯಾಟರಿ ಇಲ್ಲ, ಸರ್ವರ್ ಇಲ್ಲ, ಫರ್ಮ್‌ವೇರ್ ಅಪ್‌ಡೇಟ್ ಇಲ್ಲ. 1899ರಲ್ಲಿ ಡೆನ್ಮಾರ್ಕಿನ ಮಾರ್ಟೆನ್ಸನ್ ಅನ್ನೋ ಶಾಲಾ ಮೇಷ್ಟ್ರು 165 ಕಬ್ಬಕ್ಕಿಗಳಿಗೆ ನಂಬರು, ವಿಳಾಸ ಕೆತ್ತಿದ ಅಲ್ಯುಮಿನಿಯಂ ಉಂಗುರ ತೊಡಿಸಿದಾಗ ಹೇಗಿತ್ತೋ ಇವತ್ತೂ ಮೂಲತಃ ಹಾಗೇ ಇದೆ. ಅದಕ್ಕೂ ಮುಂಚೆ ಅವರು ಸತುವಿನದ್ದು ಮಾಡಿ ನೋಡಿದ್ದರು, ಭಾರ ಜಾಸ್ತಿ ಅಂತ ಬಿಟ್ಟರು. ಮೆಟೀರಿಯಲ್ ಸೆಲೆಕ್ಷನ್ ಅಂದ್ರೆ ಇದೇ ಅಲ್ವಾ?

ಎರಡನೆಯ ಪ್ರಶ್ನೆ, ಹಿಂಸೆಯದ್ದು. ಇದನ್ನ ತೇಲಿಸಿ ಬಿಡೋದು ಸರಿಯಲ್ಲ. ಕಾಡುಹಕ್ಕಿಗೆ ಮನುಷ್ಯನ ಕೈ ಅಂದರೆ ಭಯವೇ. 2012ರಲ್ಲಿ ಅಮೆರಿಕ, ಕೆನಡಾದ 22 ಸಂಸ್ಥೆಗಳ ಬಲೆ ಹಿಡಿತದ ದಾಖಲೆಗಳನ್ನ ಕೂಡಿಸಿ ನೋಡಿದ ಅಧ್ಯಯನದಲ್ಲಿ ಗಾಯಗೊಂಡದ್ದು ಶೇಕಡಾ 0.59, ಸತ್ತದ್ದು ಶೇಕಡಾ 0.23. ಕಡಿಮೆ ನಿಜ, ಸೊನ್ನೆ ಅಲ್ಲ. ಸಾವಿರಕ್ಕೆ ಎರಡು ಹಕ್ಕಿ ಸಾಯುತ್ತೆ ಅಂತ ಗೊತ್ತಿದ್ದೂ ಹಿಡಿಯೋದಾದರೆ, ಉಳಿದ 998ರ ಅಳತೆ ಎಲ್ಲೋ ಕಳೆದುಹೋಗಬಾರದು. ನನ್ನ ಮಟ್ಟಿಗೆ ಡೇಟಾ ಜೋಪಾನ ಮಾಡೋದು ಇಲ್ಲಿ ಶಿಸ್ತಿನ ಮಾತಲ್ಲ, ಋಣದ ಮಾತು. ಫೋಟೊ ಹೊಡೆಸಿಕೊಳ್ಳೋಕೆ ಹಕ್ಕಿ ಹಿಡಿಯೋರನ್ನ, ಒಂದು ಸೀಸನ್ ಮಾಡಿ ಬಿಟ್ಟುಬಿಡೋರನ್ನ ನಾನು ಒಪ್ಪಲ್ಲ. ತರಬೇತಿ, ಪರವಾನಗಿ ಇಲ್ಲದೆ ಯಾರೂ ಇದಕ್ಕೆ ಕೈಹಾಕಲೂಬಾರದು.

ಇದೆಲ್ಲ ಜರ್ಮನಿಯ ಕಥೆ, ನಮಗೇನು ಅನ್ನಬೇಡಿ. ನಮ್ಮ ದೇಶದಲ್ಲಿ ಉಂಗುರದ ಕೆಲಸ ದೊಡ್ಡದಾಗಿ ಬೆಳೆದದ್ದಕ್ಕೂ ಮಲೆನಾಡಿಗೂ ನೇರ ಸಂಬಂಧ ಇದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತವು, ಜನ ಜ್ವರ ಬಂದು ಮಲಗಿದರು. ಮಂಗನ ಕಾಯಿಲೆ. ವೈರಸ್ ನೋಡಿದರೆ ರಷ್ಯಾದ ಕಡೆಯ ಒಂದು ವೈರಸ್ಸಿನ ಹತ್ತಿರದ ನೆಂಟ. ಹಾಗಾದರೆ ಸೈಬೀರಿಯಾದಿಂದ ಬರೋ ವಲಸೆ ಹಕ್ಕಿಗಳು ಉಣುಗಿನ ಜೊತೆ ಇದನ್ನ ಹೊತ್ತು ತಂದವಾ? ಈ ಅನುಮಾನದಿಂದಲೇ ವಿಶ್ವ ಆರೋಗ್ಯ ಸಂಸ್ಥೆ ದುಡ್ಡು ಕೊಟ್ಟು, ಸಲೀಂ ಅಲಿಯವರ ನೇತೃತ್ವದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ 1959ರ ಹೊತ್ತಿಗೆ ಹಕ್ಕಿಗಳಿಗೆ ಉಂಗುರ ತೊಡಿಸೋ ಯೋಜನೆ ಕೈಗೆತ್ತಿಕೊಂಡಿತು. ಹಕ್ಕಿಗಳೇ ತಂದವು ಅನ್ನೋದಕ್ಕೆ ಸಾಕ್ಷಿ ಸಿಗಲಿಲ್ಲ. ಆದರೆ ಯಾವ ಹಕ್ಕಿ ಎಲ್ಲಿಂದ ನಮ್ಮಲ್ಲಿಗೆ ಬರುತ್ತೆ ಅನ್ನೋದರ ಬಗ್ಗೆ ಇವತ್ತು ನಮಗೆ ಗೊತ್ತಿರೋದರಲ್ಲಿ ಬಹುಪಾಲು ಅಂಥ ಉಂಗುರಗಳಿಂದಲೇ ಬಂದದ್ದು. ತಮಿಳುನಾಡಿನ ಕೋಡಿಯಕ್ಕರೈ ಕರಾವಳಿಯಲ್ಲಿ ಸೊಸೈಟಿ ದಶಕಗಟ್ಟಲೆ ಈ ಕೆಲಸ ಮಾಡಿದೆ.

ಈ ವ್ಯವಸ್ಥೆಯ ದೊಡ್ಡ ಕೊರತೆಯೂ ಒಂದಿದೆ. ಸಣ್ಣ ಹಾಡುಹಕ್ಕಿಗಳಲ್ಲಿ ನೂರಕ್ಕೆ ಒಂದರ ಸುದ್ದಿಯೂ ತಿರುಗಿ ಬರೋದು ಕಷ್ಟ. ಉಂಗುರ ತಾನಾಗಿ ಏನನ್ನೂ ಕಳಿಸಲ್ಲ, ಇನ್ನೊಂದು ತುದಿಯಲ್ಲಿ ಓದೋಕೆ ಒಬ್ಬರು ಇರಬೇಕು. ಆ ತುದಿ ಎಷ್ಟೋ ಸಲ ನಮ್ಮ ಊರೇ ಆಗಿರುತ್ತೆ. ಹೆಲ್ಗೋಲ್ಯಾಂಡಿನಲ್ಲಿ ಬ್ಲ್ಯಾಕ್‌ಬರ್ಡುಗಳು ಇಳಿಯೋ ಅದೇ ನವೆಂಬರಿನಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ, ಮೈಸೂರಿನ ಹತ್ತಿರದ ಹದಿನಾರು ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಬರೋಕೆ ಶುರುವಾಗುತ್ತವೆ, ಹಿಮಾಲಯ ದಾಟಿ. ಕೆಲವದರ ಕುತ್ತಿಗೆಯಲ್ಲಿ ಮಂಗೋಲಿಯಾದಲ್ಲಿ ಹಾಕಿದ ಪಟ್ಟಿ ಇರುತ್ತೆ, ಮೇಲೆ ದಪ್ಪಕ್ಷರದ ಗುರುತು. ಹಿಡಿಯೋದೇ ಬೇಡ, ದಡದಲ್ಲಿ ನಿಂತು ಒಳ್ಳೆ ಝೂಮ್ ಇರೋ ಕ್ಯಾಮೆರಾದಲ್ಲೇ ಓದಬಹುದು. ಹಬ್ಬಕ್ಕೆ ಆ ಕಡೆ ಹೋಗೋರು ಯಾರಾದರೂ ಇದ್ದರೆ ಬೆಳಿಗ್ಗೆ ಬೇಗ ಹೋಗಿ, ಬಿಸಿಲೇರಿದ ಮೇಲೆ ನೀರಿನ ಮೇಲೆ ಝಳ ಕಾಣಿಸಿ ಅಕ್ಷರ ಸರಿಯಾಗಿ ಬರಲ್ಲ. ಪಟ್ಟಿಯ ಬಣ್ಣ, ಅಕ್ಷರ, ಅಂಕಿ, ತಾರೀಖು, ಕೆರೆಯ ಹೆಸರು, ಜೊತೆಯಲ್ಲಿ ಎಷ್ಟು ಹೆಬ್ಬಾತು ಇದ್ದವು, ಇಷ್ಟು ಬರೆದುಕೊಂಡು ಸೊಸೈಟಿಗೆ ಕಳಿಸಿ. ಒಂದು ಪ್ರತಿ ನಮ್ಮ ಕ್ಲಬ್ಬಿನ ರಿಜಿಸ್ಟರಿಗೂ ಇರಲಿ, ಮೊದಲ ಪುಟ ಖಾಲಿ ಇದೆ.