ಹಿಂದಿನ ಸೀಟಿನವರನ್ನೂ ಒಂದು ಮಾತು ಕೇಳಿ

ಮನೆಗೆ ಮಿಕ್ಸಿ ತರುವಾಗ ನಮ್ಮನ್ನು ಕೇಳುತ್ತಾರೆ. ಕಿಟಕಿಯ ಪರದೆಗೆ ಬಣ್ಣ ಯಾವುದಿರಲಿ ಎಂದೂ ಕೇಳುತ್ತಾರೆ. ಅದಕ್ಕಿಂತ ಎಷ್ಟೋ ಪಟ್ಟು ದುಡ್ಡು ಸುರಿದು ಜೀಪಿನ ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಬದಲಾಯಿಸುವಾಗ ಮಾತ್ರ "ಅದೆಲ್ಲ ನಿಮಗೆ ಗೊತ್ತಾಗಲ್ಲ ಬಿಡಿ" ಎಂಬ ಒಂದೇ ಉತ್ತರ. ಗೊತ್ತಾಗುವುದಿಲ್ಲವೇ? ಗುಂಡಿಗೆ ಬಿದ್ದ ಜೀಪಿನ ಕುಲುಕಾಟ ಯಾವ ಮೂಳೆಗೆ ಹೋಗಿ ತಟ್ಟುತ್ತದೆ ಎಂಬುದು ಹಿಂದೆ ಕುಳಿತವಳಿಗಿಂತ ಚೆನ್ನಾಗಿ ಇನ್ನಾರಿಗೆ ಗೊತ್ತು? ಓಡಿಸುವವನಿಗೆ ಹಿಡಿದುಕೊಳ್ಳಲು ಸ್ಟೀರಿಂಗಾದರೂ ಇದೆ.

ನಾನು ಬಿ.ಎ., ಬಿ.ಎಡ್. ಮಾಡಿ ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುವವಳು, ಮೆಕ್ಯಾನಿಕ್ ಅಲ್ಲ. ಆದರೆ ಮಲೆನಾಡಿನಲ್ಲಿ ಹುಟ್ಟಿದವರಿಗೆ ಜೀಪು ಹೊಸದಲ್ಲ. ಮಹೀಂದ್ರದವರು 1947ರಲ್ಲಿ ವಿಲ್ಲೀಸ್ ಜೀಪುಗಳನ್ನು ಜೋಡಿಸಲು ತೊಡಗಿದರು. ಆಮೇಲೆ ನಮ್ಮ ಕಡೆಯ ಬಾಣಂತಿ, ಗೊಬ್ಬರದ ಮೂಟೆ, ಮದುವೆಯ ದಿಬ್ಬಣ, ಕೊನೆಗೆ ಹೆಣ ಕೂಡ ಅದರಲ್ಲೇ ಪ್ರಯಾಣ ಮಾಡಿದವು. ಮುಂದೆಯೂ ಹಿಂದೆಯೂ ಲೀಫ್ ಪ್ಲೇಟು. ಅಡಿಕೆ ಕಾಲದಲ್ಲಿ ಹೊರೆ ಹೆಚ್ಚಾದರೆ ಇನ್ನೊಂದು ಪ್ಲೇಟು ಹಾಕಿಸುತ್ತಿದ್ದರು. ಹಾಗೆ ಬದಲಾಯಿಸುವುದಕ್ಕೆ ಒಂದು ಕಾರಣವಿತ್ತು, ಹೊರೆ. ಈಗಿನ ಬದಲಾವಣೆಗೆ ಕಾರಣ ಕೇಳಿದರೆ "ಲುಕ್ಕು" ಎನ್ನುತ್ತಾರೆ!

2020ರ ಅಕ್ಟೋಬರಿನಲ್ಲಿ ಬಂದ ಹೊಸ ಥಾರ್‌ನಲ್ಲಿ ನಾಲ್ಕೂ ಚಕ್ರಕ್ಕೆ ಸುರುಳಿ ಸ್ಪ್ರಿಂಗು ಕೊಟ್ಟಿದ್ದಾರೆ. 2023ರಲ್ಲಿ ಬಂದ ಮಾರುತಿ ಜಿಮ್ನಿಗೂ ಹಾಗೆಯೇ. ಹಳೆಯ ಪ್ಲೇಟಿನ ಜೀಪು ಕಂಡವರಿಗೆ ಇದು ಹಂಸತೂಲಿಕಾ ತಲ್ಪ. ಆದರೂ ಕೊಂಡು ಆರು ತಿಂಗಳಾಗುವುದರೊಳಗೆ ಹುಡುಗರು ಕಂಪನಿಯ ಸ್ಪ್ರಿಂಗು ಬಿಚ್ಚಿಸಿ ಎರಡು ಇಂಚು ಎತ್ತರಿಸುವ "ಲಿಫ್ಟ್ ಕಿಟ್" ಹಾಕಿಸುತ್ತಾರೆ. ಹೆಚ್ಚು ಎತ್ತರವಾದರೆ ಎಲ್ಲಿ ಬೇಕಾದರೂ ಹೋಗುತ್ತದಂತೆ.

ಈ ಮಾತು ಅರ್ಧ ಸುಳ್ಳು. ಬಗ್ಗಿ ಜೀಪಿನ ಅಡಿ ನೋಡಿ. ಹಿಂದಿನ ಆಕ್ಸಲ್ಲಿನ ನಡುವೆ ತೆಂಗಿನಕಾಯಿಯ ಹಾಗೆ ಉಬ್ಬಿದ ಡಿಫರೆನ್ಶಿಯಲ್ ಇದೆ. ಕಲ್ಲಿಗೆ ಮೊದಲು ತಾಗುವುದು ಅದೇ. ಸ್ಪ್ರಿಂಗು ಎಷ್ಟೇ ಎತ್ತರದ್ದಾಗಲಿ, ಅದು ಮೇಲಿನ ಮೈಯನ್ನು ಎತ್ತುತ್ತದೆಯೇ ಹೊರತು ಆ ಉಬ್ಬನ್ನಲ್ಲ. ಅದು ಮೇಲೇಳಬೇಕಾದರೆ ದೊಡ್ಡ ಟೈರೇ ಬೇಕು. ಲಿಫ್ಟಿನಿಂದ ದಿಣ್ಣೆ ಹತ್ತಿಳಿಯುವಾಗ ಹೊಟ್ಟೆ, ಮೂತಿ ತಗುಲುವುದು ಕಡಿಮೆಯಾಗುತ್ತದೆ, ನಿಜ. ಬದಲಿಗೆ ಭಾರವೆಲ್ಲ ಮೇಲೇರಿ ಆಗುಂಬೆಯ ಹಿಮ್ಮುರಿ ತಿರುವಿನಲ್ಲಿ ಜೀಪು ಇನ್ನಷ್ಟು ವಾಲುತ್ತದೆ. ಮುಂದಿನ ಚಕ್ರದ ಡ್ರೈವ್ ಶಾಫ್ಟು ಓರೆಯಾಗಿ ಅದರ ರಬ್ಬರು ಬೇಗ ಹರಿಯುತ್ತದೆ. ಹೆಡ್‌ಲೈಟು ತಗ್ಗಿಸಿಕೊಳ್ಳದಿದ್ದರೆ ಎದುರಿನವರ ಕಣ್ಣಿಗೇ ಹೊಡೆಯುತ್ತದೆ. ಈ ಲೆಕ್ಕವನ್ನು ಕಿಟ್ ಮಾರುವವರು ಹೇಳುವುದಿಲ್ಲ, ಕೊಳ್ಳುವವರು ಕೇಳುವುದಿಲ್ಲ.

ನನ್ನ ಅಕ್ಕನ ಮಗ ಹಾಕಿಸಿದ. ಅಂಗಡಿಯವನು ಹೇಳಿದ್ದಕ್ಕೆ ತಲೆಯಾಡಿಸಿ, ಮುಂದೆ ಉಕ್ಕಿನ ಬಂಪರು, ವಿಂಚು ಎಲ್ಲ ಹೊರುವ ಜೀಪಿಗೆ ಬೇಕಾದ ಗಟ್ಟಿ ಸ್ಪ್ರಿಂಗು ಹಾಕಿಸಿದ. ಬಂಪರೂ ಇಲ್ಲ, ವಿಂಚೂ ಇಲ್ಲ! ಹೊರೆಯಿಲ್ಲದ ಗಟ್ಟಿ ಸ್ಪ್ರಿಂಗು ಬಗ್ಗುವುದಿಲ್ಲ, ಕಲ್ಲು ಕೊಟ್ಟ ಏಟನ್ನು ಹಾಗೆಯೇ ಸೀಟಿಗೆ ದಾಟಿಸುತ್ತದೆ. ಅಕ್ಕನಿಗೆ ಅರವತ್ತೆರಡು, ಸೊಂಟದ ಡಿಸ್ಕ್ ಜಾರಿದೆ. ಮೂರು ಬಾಗಿಲಿನ ಥಾರ್, ಹಿಂದೆ ಕೂರಬೇಕಾದರೆ ಮುಂದಿನ ಸೀಟು ಮಡಿಸಿ ಸಂದಿಯಲ್ಲಿ ನುಗ್ಗಬೇಕು. ಸೀರೆ ಉಟ್ಟವಳಿಗೆ ಮೊದಲೇ ಅದು ಸರ್ಕಸ್ಸು, ಈಗ ಮೆಟ್ಟಿಲು ಎರಡು ಇಂಚು ಮೇಲೆ. ಕಳೆದ ಮಳೆಗಾಲ ಪೂರ್ತಿ ಅಕ್ಕ ತೋಟದ ಮನೆಯಿಂದ ಕೆಳಗಿಳಿಯಲಿಲ್ಲ. ಫಿಸಿಯೋಥೆರಪಿ ತಪ್ಪಿತು. ಕೇಳಿದರೆ, "ಅವನ ಆಸೆ ಕಣೇ, ಹಾಕಿಸ್ಕೊಳ್ಳಲಿ ಬಿಡು" ಎಂದಳು. ನನಗೆ ಸಿಟ್ಟು ಬಂದದ್ದು ಅವನ ಆಸೆಗಿಂತ ಅವಳ ಈ "ಬಿಡು" ಎಂಬ ಮಾತಿಗೆ. ಸೊಸೆ ಸೊಸೈಟಿಯಲ್ಲಿ ಸಾಲ ತೆಗೆದ ದುಡ್ಡು ಅದು. ಅವಳೂ ಬಾಯಿಬಿಟ್ಟಿಲ್ಲ.

"ಚಿಕ್ಕಮ್ಮ, ನಮ್ಮ ತೋಟದ ರಸ್ತೆ ನೀವು ನೋಡಿದೀರಲ್ಲ, ಸುಮ್ಮನೆ ಷೋಕಿಗೆ ಹಾಕಿಸಿದ್ದಾ?" ಎಂದು ಅವನು ಕೇಳಿದ. ಕೇಳಬೇಕಾದ ಮಾತೇ. ಮಳೆಗಾಲದ ತೋಟದ ರಸ್ತೆಗೆ ಕಂಪನಿಯ ಸಸ್ಪೆನ್ಷನ್ ಸಾಲದೆ ಹೋಗಬಹುದು, ಬದಲಾಯಿಸಲೇಬಾರದು ಎನ್ನುವವಳು ನಾನಲ್ಲ. ಆಸ್ಟ್ರೇಲಿಯಾದವರ ಓಲ್ಡ್ ಮ್ಯಾನ್ ಇಮು ಸ್ಪ್ರಿಂಗುಗಳನ್ನೇ ನೋಡಿ, ಒಂದೇ ಗಾಡಿಗೆ ಹಗುರ ಹೊರೆಗೆ ಒಂದು, ಭಾರದ ಹೊರೆಗೆ ಇನ್ನೊಂದು ಎಂದು ಬೇರೆ ಬೇರೆ ಮಾಡಿ ಮಾರುತ್ತಾರೆ. ಅಂದರೆ ಅಂಗಡಿಗೆ ಹೋಗುವ ಮೊದಲೇ ನಮ್ಮ ಹೊರೆ ನಮಗೆ ಗೊತ್ತಿರಬೇಕು. ಅಡಿಕೆ ಲಾರಿ ತೂಗುವ ವೇ ಬ್ರಿಡ್ಜ್ ಊರೂರಿಗೆ ಇದೆ. ದಿನಾ ಕೂರುವವರನ್ನು ಕೂರಿಸಿ, ಹೊರುವುದನ್ನು ಹೇರಿ, ಒಮ್ಮೆ ಜೀಪನ್ನು ತೂಗಿಸಿ. ಆ ಚೀಟಿ ಹಿಡಿದು ಹೋದರೆ ಅಂಗಡಿಯವನ ಬಾಯಿ ಅರ್ಧ ಕಟ್ಟುತ್ತದೆ.

ಅದಕ್ಕೂ ಮೊದಲು ಟೈರಿನ ಗಾಳಿ ನೋಡಿಸಿ, ಹೆಚ್ಚು ಗಾಳಿ ತುಂಬಿದ ಟೈರು ಎಷ್ಟೋ ಸಲ ಕುಲುಕಾಟದ ಮೂಲ. ಆಮೇಲೆ ಶಾಕ್ ಅಬ್ಸಾರ್ಬರ್. ಸ್ಪ್ರಿಂಗು ಭಾರ ಹೊರುತ್ತದೆ, ಅದರ ಕುಣಿತ ನಿಲ್ಲಿಸುವುದು ಶಾಕು. ಗುಂಡಿ ದಾಟಿದ ಮೇಲೂ ಜೀಪು ತೊಟ್ಟಿಲಿನಂತೆ ತೂಗುತ್ತಿದ್ದರೆ, ಎಣ್ಣೆ ಸೋರಿ ಒದ್ದೆಯಾಗಿದ್ದರೆ, ಸವೆದಿರುವುದು ಅದೇ. ಬಹಳ ಮನೆಗಳಲ್ಲಿ ಒಳ್ಳೆಯ ಶಾಕು ಹಾಕಿಸಿದರೆ ಸಾಕು, ಎತ್ತರ ಬೇಕಾಗುವುದೇ ಇಲ್ಲ. ಗಟ್ಟಿ ಸ್ಪ್ರಿಂಗೇ ಬೇಕೆಂದರೆ ಅದಕ್ಕೆ ಹೊಂದುವ ಶಾಕನ್ನೂ ಒಟ್ಟಿಗೇ ಹಾಕಿಸಬೇಕು. ಹಳೆಯದನ್ನೇ ಬಿಟ್ಟರೆ ಹೊಸ ಸ್ಪ್ರಿಂಗನ್ನು ಅದು ಹಿಡಿಯಲಾರದು. ಇದನ್ನು ನಮ್ಮ ಸ್ಕೂಲಿನ ವಿಜ್ಞಾನದ ಮೇಷ್ಟ್ರು ನನಗೆ ಕರಿಹಲಗೆಯ ಮೇಲೆ ಬರೆದು ತೋರಿಸಿದರು, ಐದು ನಿಮಿಷವೂ ಹಿಡಿಯಲಿಲ್ಲ. ಗೊತ್ತಾಗಲ್ಲ ಎನ್ನುವಂಥದ್ದು ಅದರಲ್ಲಿ ಏನೂ ಇಲ್ಲ.

ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರು ಕೊಟ್ಟ ವಿವರಕ್ಕೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಬದಲಾಯಿಸಬಾರದು ಎನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ಕೇರಳದ ಒಂದು ಪ್ರಕರಣದಲ್ಲಿ, ಅದನ್ನೇ ಎತ್ತಿಹಿಡಿಯಿತು. ಸವೆದದ್ದಕ್ಕೆ ಅದೇ ಅಳತೆಯ ಹೊಸದು ಹಾಕುವುದು ಬೇರೆ, ಎತ್ತರವನ್ನೇ ಬದಲಾಯಿಸುವುದು ಬೇರೆ. ನಾಳೆ ಅಪಘಾತವಾಗಿ ವಿಮೆ ಕೇಳಲು ಹೋದಾಗ ಕಂಪನಿಯವರು ತಕರಾರು ತೆಗೆದರೆ ಆಫೀಸಿನಿಂದ ಆಫೀಸಿಗೆ ಅಲೆಯುವವರು ಯಾರು?

ಆದ್ದರಿಂದ ತಾಯಂದಿರೇ, ಸೊಸೆಯಂದಿರೇ, ಮುಂದಿನ ಸಲ ಮನೆಯ ಅಂಗಳದಲ್ಲಿ ಈ ಮಾತುಕತೆ ನಡೆಯುವಾಗ ಕಾಫಿ ಕೊಟ್ಟು ಒಳಗೆ ಹೋಗಬೇಡಿ, ಅಲ್ಲೇ ಕುಳಿತುಕೊಳ್ಳಿ. ಜೀಪಿನಲ್ಲಿ ದಿನಾ ಕೂರುವವರು ಯಾರು, ಹೊರೆ ಎಷ್ಟು, ಶಾಕು ನೋಡಿಸಿದ್ದಾಯಿತೇ ಎಂದು ಕೇಳಿ. ಹಾಕಿಸುವ ಮೊದಲು ಅಂಥದೇ ಸ್ಪ್ರಿಂಗಿರುವ ಇನ್ನೊಬ್ಬರ ಜೀಪಿನ ಹಿಂದಿನ ಸೀಟಿನಲ್ಲಿ, ನಿಮ್ಮದೇ ತೋಟದ ರಸ್ತೆಯಲ್ಲಿ, ನೀವೇ ಒಂದು ಸುತ್ತು ಹೋಗಿ ಬನ್ನಿ. ಈಗಾಗಲೇ ಹಾಕಿಸಿಬಿಟ್ಟಿದ್ದರೆ, ಬಿಚ್ಚಿದ ಕಂಪನಿ ಸ್ಪ್ರಿಂಗುಗಳನ್ನು ಗುಜರಿಯವನಿಗೆ ಕೊಡಲು ಬಿಡಬೇಡಿ. ಅಕ್ಕನ ಮನೆಯವು ಅಡಿಕೆ ಕೊಟ್ಟಿಗೆಯ ಮೂಲೆಯಲ್ಲಿವೆ. ಎಣ್ಣೆ ಸವರಿ, ಗೋಣಿ ಸುತ್ತಿಡಲು ಸೊಸೆಗೆ ಹೇಳಿ ಬಂದಿದ್ದೇನೆ.