ಪುಟ್ಟ ಮಕ್ಕಳಿಗೆ ಕಲಿಸಲು ಹೊರಟವರ ಹಕ್ಕೊತ್ತಾಯ ಪತ್ರ

ಮಾನ್ಯ ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಸಚಿವರು, ಮಾನ್ಯ ಉನ್ನತ ಶಿಕ್ಷಣ ಸಚಿವರು, ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಮಾನ್ಯ ಸಚಿವರು, ಕರ್ನಾಟಕ ಸರ್ಕಾರ, ಇವರ ಸನ್ನಿಧಿಗೆ:

ಮಾನ್ಯರೇ,

ನಾವು ಡಿ.ಎಲ್.ಎಡ್. (ಜನ ಈಗಲೂ ಡಿ.ಎಡ್. ಎನ್ನುವ ಪ್ರಾಥಮಿಕ ಶಿಕ್ಷಣ ಡಿಪ್ಲೊಮಾ) ಮತ್ತು ವಿಶೇಷ ಡಿ.ಎಡ್. ಓದುತ್ತಿರುವ ಪ್ರಶಿಕ್ಷಣಾರ್ಥಿಗಳು, ಓದಿ ಮುಗಿಸಿ ನೇಮಕಾತಿಗೆ ಕಾದು ಕುಳಿತವರು, ಗುತ್ತಿಗೆಯ ಮೇಲೆ ದುಡಿಯುತ್ತಿರುವ ಸಂಪನ್ಮೂಲ ಶಿಕ್ಷಕರು, ವಿಶೇಷ ಅಗತ್ಯವುಳ್ಳ ಮಕ್ಕಳ ತಂದೆತಾಯಂದಿರು. ಪಿಯುಸಿ ಫಲಿತಾಂಶ ಬಂದ ವಾರ ಸಿಂಧನೂರಿನಲ್ಲೋ ಕುಂದಾಪುರದಲ್ಲೋ ಒಬ್ಬ ಹುಡುಗಿ ‘ನಾನು ಚಿಕ್ಕ ಮಕ್ಕಳಿಗೆ ಪಾಠ ಹೇಳಬೇಕು’ ಅಂದರೆ ಅವಳಿಗೆ ಸರಿಯಾದ ದಾರಿ ತೋರಿಸುವವರು ಯಾರೂ ಇಲ್ಲ. ಒಬ್ಬರು ಡಿ.ಎಡ್. ಮಾಡು ಅನ್ನುತ್ತಾರೆ, ಇನ್ನೊಬ್ಬರು ಡಿಗ್ರಿ ಮುಗಿಸಿ ಬಿ.ಎಡ್. ಮಾಡು ಅನ್ನುತ್ತಾರೆ. ವಿಶೇಷ ಶಿಕ್ಷಣ ಅನ್ನುವುದು ಒಂದಿದೆ ಎಂದೇ ಬಹಳ ಮಂದಿಗೆ ಗೊತ್ತಿಲ್ಲ. ಸಾಮಾನ್ಯ ಶಿಕ್ಷಕರ ಅರ್ಹತೆಯನ್ನು ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು ನಿರ್ಧರಿಸುತ್ತದೆ, ವಿಶೇಷ ಶಿಕ್ಷಕರದ್ದನ್ನು ಭಾರತೀಯ ಪುನರ್ವಸತಿ ಪರಿಷತ್ತು ನಿರ್ಧರಿಸುತ್ತದೆ, ಹುದ್ದೆ ಕೊಡುವುದು ರಾಜ್ಯದ ವೃಂದ ಮತ್ತು ನೇಮಕಾತಿ ನಿಯಮ. ಈ ಮೂರರ ನಡುವೆ ಸಿಕ್ಕಿಕೊಂಡವರು ನಾವು. ಹದಿನೇಳು ವರ್ಷದ ಹುಡುಗಿ ಓದಿಗೆ ಹಣ ಕಟ್ಟುವ ಮುಂಚೆಯೇ, ಆ ಓದು ಯಾವ ಹುದ್ದೆಗೆ ಮುಟ್ಟುತ್ತದೆ ಎಂದು ಸರ್ಕಾರ ಹೇಳಬೇಕು. ನಮ್ಮ ಬೇಡಿಕೆಗಳೆಲ್ಲ ಹುಟ್ಟಿರುವುದು ಈ ಒಂದು ಮಾತಿನಿಂದ.

1. ದಾರಿ ತೋರುವ ಕೈಪಿಡಿ ಕನ್ನಡದಲ್ಲಿ ಬರಲಿ. ಪ್ರತಿ ವರ್ಷ ಪ್ರವೇಶದ ಅರ್ಜಿ ಕರೆಯುವ ಮೊದಲು ರಾಜ್ಯದ ಪ್ರತಿ ಪಿಯು ಕಾಲೇಜಿಗೂ ಇದು ತಲುಪಬೇಕು. ಒಂದರಿಂದ ಐದನೇ ತರಗತಿಗೆ ಯಾವ ಅರ್ಹತೆ ಬೇಕು, ಆರರಿಂದ ಎಂಟಕ್ಕೆ ಯಾವುದು, ವಿಶೇಷ ಶಾಲೆಗೆ ಯಾವುದು, ಶಿಕ್ಷಕರ ಅರ್ಹತಾ ಪರೀಕ್ಷೆಯ (ಟಿಇಟಿ) ಯಾವ ಪತ್ರಿಕೆ ಯಾರು ಬರೆಯಬೇಕು, ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಂಥ ಕಡೆ ನಾಲ್ಕು ವರ್ಷದ ಸಮಗ್ರ ಪದವಿಗೆ ಸೇರಲು ಯಾವ ಪ್ರವೇಶ ಪರೀಕ್ಷೆ ಇದೆ, ಒಟ್ಟು ಖರ್ಚು ಎಷ್ಟು, ವಿದ್ಯಾರ್ಥಿವೇತನ ಎಲ್ಲಿ ಸಿಗುತ್ತದೆ, ಇಷ್ಟೂ ಅದರಲ್ಲಿರಬೇಕು. ಹಿಂದಿನ ಐದು ವರ್ಷಗಳಲ್ಲಿ ಯಾವ ಹುದ್ದೆಗೆ ಎಷ್ಟು ನೇಮಕಾತಿ ಆಯಿತು ಎಂಬ ಲೆಕ್ಕವನ್ನೂ ಮುಚ್ಚುಮರೆಯಿಲ್ಲದೆ ಕೊಡಿ. ಆಸೆ ಹುಟ್ಟಿಸುವ ಕರಪತ್ರ ನಮಗೆ ಬೇಡ.

2. ಓದಿನ ನಡುವೆ ನಿಯಮ ಬದಲಾದರೆ ಈಗಾಗಲೇ ಸೇರಿದವರಿಗೆ ರಕ್ಷಣೆ ಕೊಡಿ. ಪ್ರಾಥಮಿಕ ತರಗತಿಗಳಿಗೆ ಬಿ.ಎಡ್. ಆದವರೂ ಅರ್ಹರು ಎಂದು 2018ರ ಜೂನ್‌ನಲ್ಲಿ ಶಿಕ್ಷಕರ ಶಿಕ್ಷಣ ಪರಿಷತ್ತಿನ ಅಧಿಸೂಚನೆ ಬಂತು. ಅದನ್ನು ನಂಬಿ ದೇಶದಾದ್ಯಂತ ಅಸಂಖ್ಯ ಯುವಕರು ಬಿ.ಎಡ್. ಮಾಡಿದರು. 2023ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಅದು ಸಲ್ಲದು ಎಂದು ತೀರ್ಪು ಕೊಟ್ಟಿತು. ತೀರ್ಪಿನ ಹಿಂದಿನ ತರ್ಕವನ್ನು ನಾವು ಒಪ್ಪುತ್ತೇವೆ. ಆರು ವರ್ಷದ ಮಗುವಿಗೆ ಅಕ್ಷರ ಕಲಿಸುವುದು ಬೇರೆಯದೇ ವಿದ್ಯೆ, ಅದಕ್ಕೆ ಬೇರೆಯದೇ ತರಬೇತಿ ಬೇಕು. ಆದರೆ ಅಧಿಸೂಚನೆಯನ್ನು ನಂಬಿ ಓದಿದವರ ವರ್ಷಗಳಿಗೆ ಹೊಣೆ ಯಾರು? ವಿಶೇಷ ಶಿಕ್ಷಣದಲ್ಲೂ ಇಂಥದೇ ಗೊಂದಲ: 2024ರ ಆರಂಭದಲ್ಲಿ ಪುನರ್ವಸತಿ ಪರಿಷತ್ತು ಎರಡು ವರ್ಷದ ವಿಶೇಷ ಬಿ.ಎಡ್. ನಿಲ್ಲಿಸಿ ನಾಲ್ಕು ವರ್ಷದ ಕೋರ್ಸಿಗೆ ಹೋಗುವುದಾಗಿ ಸುತ್ತೋಲೆ ಹೊರಡಿಸಿತು. ಅದೇ ವರ್ಷ ನಮ್ಮ ರಾಜ್ಯ ನಾಲ್ಕು ವರ್ಷದ ಪದವಿ ಬಿಟ್ಟು ಮೂರು ವರ್ಷದ ಪದವಿಗೆ ಮರಳಿತು. ಮೂರು ವರ್ಷದ ಡಿಗ್ರಿ ಮುಗಿಸಿ ವಿಶೇಷ ಬಿ.ಎಡ್. ಸೇರೋಣ ಅಂದುಕೊಂಡವರು ಯಾವ ಬಾಗಿಲು ತಟ್ಟಬೇಕು? ಒಂದು ಕೋರ್ಸಿಗೆ ಸೇರಿದ ದಿನ ಯಾವ ಅರ್ಹತೆ ಇತ್ತೋ, ಆ ತಂಡ ಮುಗಿಸಿ ಹೊರಬರುವವರೆಗೆ ಅದೇ ಊರ್ಜಿತವಾಗಿರಬೇಕು. ರಾಜ್ಯದ ಕೈಯಲ್ಲಿರುವ ನಿಯಮಗಳಲ್ಲಿ ಇದನ್ನು ಬರೆದು ಸೇರಿಸಿ, ಕೇಂದ್ರದ ಪರಿಷತ್ತುಗಳ ಮುಂದೆಯೂ ನಮ್ಮ ಪರವಾಗಿ ಮಂಡಿಸಿ.

3. ವಿಶೇಷ ಶಿಕ್ಷಕರಿಗೆ ಕಾಯಂ ಹುದ್ದೆ ಸೃಷ್ಟಿಸಿ. ಈ ಪತ್ರದಲ್ಲಿ ನಾವು ಎಲ್ಲಕ್ಕಿಂತ ಗಟ್ಟಿಯಾಗಿ ಕೇಳುತ್ತಿರುವುದು ಇದನ್ನೇ.

ಕ್ಷೇತ್ರ ಸಂಪನ್ಮೂಲ ಕೇಂದ್ರದ (ಬಿಆರ್‌ಸಿ) ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು (ಬಿಐಇಆರ್‌ಟಿ) ಒಬ್ಬರ ಕೆಲಸವನ್ನು ಹತ್ತಿರದಿಂದ ನೋಡಿ. ಬೆಳಿಗ್ಗೆ ಹಳ್ಳಿ ಬಸ್ಸಿಳಿದು, ಹೆಗಲಿಗೆ ಚೀಲ ಹಾಕಿಕೊಂಡು, ಶಾಲೆಗೆ ಬರಲಾಗದ ಮಗುವಿನ ಮನೆಗೆ ನಡೆಯುತ್ತಾರೆ. ಮಿದುಳಿನ ಪಾರ್ಶ್ವವಾಯು ಇರುವ ಆ ಹುಡುಗನನ್ನು ಮೂಲೆಯ ಕುರ್ಚಿಯಲ್ಲಿ ದಿಂಬು ಕೊಟ್ಟು ನೆಟ್ಟಗೆ ಕೂರಿಸುತ್ತಾರೆ. ಕೈಬೆರಳು ಬಿಡಿಸಿ, ದಪ್ಪ ಹಿಡಿಯ ಚಮಚ ಹಿಡಿಸಿ, ಬಾಯಿಯವರೆಗೆ ಒಯ್ಯುವುದನ್ನು ತಾಯಿಗೆ ತೋರಿಸಿಕೊಡುತ್ತಾರೆ. ಮಣಿ ಎಣಿಸುವುದು, ಬಣ್ಣ ಗುರುತಿಸುವುದು, ತನ್ನ ಹೆಸರು ಕೇಳಿದಾಗ ತಿರುಗಿ ನೋಡುವುದು, ಇವೇ ಅಲ್ಲಿಯ ಪಾಠ. ಮುಂದೆ ಇನ್ನೊಂದು ಮನೆ, ಆಮೇಲೆ ಶಾಲೆಯಲ್ಲಿ ಮಂದದೃಷ್ಟಿಯ ಮಗುವನ್ನು ಮುಂದಿನ ಬೆಂಚಿಗೆ ಕೂರಿಸಿ ದೊಡ್ಡಕ್ಷರದ ಪುಸ್ತಕ ತರಿಸಿಕೊಡುವ ಕೆಲಸ, ಸಂಜೆಗೆ ವಿಕಲಚೇತನರ ಗುರುತಿನ (ಯುಡಿಐಡಿ) ಕಾರ್ಡಿನ ಅರ್ಜಿ, ತಪಾಸಣಾ ಶಿಬಿರದ ಪಟ್ಟಿ. ಇಡೀ ತಾಲ್ಲೂಕಿಗೆ ಬೆರಳೆಣಿಕೆಯ ಜನ. ಹೀಗೆ ದುಡಿಯುವವರಿಗೆ ಮುಂದಿನ ವರ್ಷ ಕೆಲಸ ಇರುತ್ತದೆಯೋ ಇಲ್ಲವೋ ಎಂಬುದೇ ಖಾತ್ರಿಯಿಲ್ಲ. ಪ್ರತಿಭಾವಂತ ವಿದ್ಯಾರ್ಥಿಗಳು ಈ ಓದಿಗೆ ಬರುತ್ತಿಲ್ಲ ಎಂದು ಸಭೆಗಳಲ್ಲಿ ವ್ಯಥೆ ಪಡುವವರು ಈ ಅಭದ್ರತೆಯನ್ನು ಮೊದಲು ನೋಡಬೇಕು.

ಕಾನೂನಿನ ಬೆಂಬಲ ನಮ್ಮ ಕಡೆಗಿದೆ. 2021ರ ಅಕ್ಟೋಬರ್ 28ರಂದು ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸಾಮಾನ್ಯ ಶಾಲೆಗಳಲ್ಲೂ ವಿಶೇಷ ಶಿಕ್ಷಕರು ಬೇಕು, ಅವರ ಅನುಪಾತ ನಿಗದಿಯಾಗಬೇಕು ಎಂದಿತು. 2022ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಅದನ್ನು ಅಧಿಸೂಚಿಸಿತು: ಪ್ರಾಥಮಿಕ ಹಂತದಲ್ಲಿ ಹತ್ತು ವಿಶೇಷ ಮಕ್ಕಳಿಗೆ ಒಬ್ಬರು, ಮೇಲಿನ ಹಂತದಲ್ಲಿ ಹದಿನೈದು ಮಕ್ಕಳಿಗೆ ಒಬ್ಬರು. 2025ರ ಮಾರ್ಚ್ 7ರಂದು ಅದೇ ನ್ಯಾಯಾಲಯ, ಮಂಜೂರಾದ ಹುದ್ದೆಗಳನ್ನು ಪ್ರಕಟಿಸಿ ಭರ್ತಿ ಮಾಡಿ ಎಂದು ರಾಜ್ಯಗಳಿಗೆ ಗಡುವು ಕೊಟ್ಟಿತು. ಗುತ್ತಿಗೆಯಲ್ಲಿರುವವರ ಅರ್ಹತೆ ನೋಡಿ ತೆಗೆದುಕೊಳ್ಳಲು ಪರಿಶೀಲನಾ ಸಮಿತಿ ರಚಿಸಿ ಎಂದೂ ಹೇಳಿತು. ಆದ್ದರಿಂದ ಜಿಲ್ಲಾವಾರು, ಶಾಲಾವಾರು ಹುದ್ದೆಗಳ ಪಟ್ಟಿಯನ್ನು ಜಾಲತಾಣದಲ್ಲಿ ಹಾಕಿ. ಪ್ರತ್ಯೇಕ ವೃಂದ, ಸಾಮಾನ್ಯ ಶಿಕ್ಷಕರಿಗೆ ಸಮನಾದ ವೇತನ, ಬಡ್ತಿಯ ಮೆಟ್ಟಿಲು ಮೂರೂ ಇರಲಿ. ಇಷ್ಟು ವರ್ಷ ಮನೆಮನೆ ತಿರುಗಿದವರ ಅನುಭವಕ್ಕೆ ಅಂಕ ಕೊಡಿ, ವಯೋಮಿತಿ ಸಡಿಲಿಸಿ.

4. ಎರಡು ಓದುಗಳ ನಡುವೆ ಸೇತುವೆ ಕಟ್ಟಿ. ವಿಶೇಷ ಡಿ.ಎಡ್. ಅಥವಾ ವಿಶೇಷ ಬಿ.ಎಡ್. ಆದವರು ಪ್ರಾಥಮಿಕ ಶಾಲೆಗೆ ಆಯ್ಕೆಯಾದರೆ ನೇಮಕದ ನಂತರ ಆರು ತಿಂಗಳ ವಿಶೇಷ ತರಬೇತಿ ಪಡೆಯಬೇಕು ಎಂದು ಶಿಕ್ಷಕರ ಶಿಕ್ಷಣ ಪರಿಷತ್ತಿನ 2010ರ ಆಗಸ್ಟ್ 23ರ ಅಧಿಸೂಚನೆಯಲ್ಲೇ ಇದೆ. ಆ ತರಬೇತಿಯನ್ನು ಪ್ರತಿ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯಲ್ಲಿ (ಡಯಟ್) ನಿಯಮಿತವಾಗಿ ನಡೆಸಿ. ಇತ್ತ ಡಿ.ಎಲ್.ಎಡ್. ವಿದ್ಯಾರ್ಥಿಗಳಿಗೂ ಸಮನ್ವಯ ಶಿಕ್ಷಣ ಪರೀಕ್ಷೆಗೆ ಉರುಹೊಡೆಯುವ ಒಂದು ಪತ್ರಿಕೆಯಾಗಿ ಉಳಿಯಬಾರದು. ಕನಿಷ್ಠ ಆರು ವಾರ ವಿಶೇಷ ಶಾಲೆಯಲ್ಲಿ ಅಥವಾ ಸಂಪನ್ಮೂಲ ಶಿಕ್ಷಕರ ಜೊತೆ ಕ್ಷೇತ್ರಾನುಭವ ಕಡ್ಡಾಯ ಮಾಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಹೆಸರಿಸಿದೆ. ಅಂಥ ಮಗು ತರಗತಿಗೆ ಬಂದ ದಿನ ಮೊದಲು ಎದುರಾಗುವುದು ಸಾಮಾನ್ಯ ಶಿಕ್ಷಕಿ, ತಜ್ಞರು ಬರುವುದು ಆಮೇಲೆ.

5. ಕಲಿಕಾ ನ್ಯೂನತೆಯ ವಿದ್ಯೆ ಕನ್ನಡದಲ್ಲಿ ಬೆಳೆಯಲಿ. ನಾಲ್ಕನೇ ತರಗತಿಯ ಹುಡುಗನೊಬ್ಬ ಸಂತೆಯ ಲೆಕ್ಕವನ್ನು ಬಾಯಲ್ಲೇ ಹೇಳುತ್ತಾನೆ, ಕೇಳಿದ ಕಥೆಯನ್ನು ಒಂದಕ್ಷರ ಬಿಡದೆ ಒಪ್ಪಿಸುತ್ತಾನೆ. ಪುಸ್ತಕ ಕೈಗೆ ಕೊಟ್ಟರೆ ‘ಅಜ್ಜಿ’ ಅವನ ಬಾಯಲ್ಲಿ ‘ಅಜಿ’ ಆಗುತ್ತಾಳೆ, ‘ಪುಸ್ತಕ’ ‘ಪುಸಕ’ ಆಗುತ್ತದೆ. ವ ಮತ್ತು ಪ, ಮ ಮತ್ತು ಯ ಒಂದರ ಜಾಗದಲ್ಲಿ ಇನ್ನೊಂದು ಬಂದು ಕೂರುತ್ತವೆ. ಕೊಂಬು, ಕೊಂಬಿನ ಇಳಿ ಕಣ್ಣಿಗೇ ಬೀಳುವುದಿಲ್ಲ. ಅವನಿಗೆ ದಡ್ಡ ಎಂಬ ಹಣೆಪಟ್ಟಿ ಬೀಳಲು ಒಂದು ವರ್ಷ ಸಾಕು. ನಾವು ಓದುವ ಪುಸ್ತಕಗಳಲ್ಲಿ ಈ ತೊಂದರೆಗೆ ಸಿಗುವ ಉದಾಹರಣೆಗಳು ಇಂಗ್ಲಿಷಿನ ಬಿ ಮತ್ತು ಡಿ ಅಕ್ಷರ ತಿರುಗುಮುರುಗಾಗುವುದು, ಇಂಗ್ಲಿಷಿನ ಸ್ಪೆಲ್ಲಿಂಗು. ಕನ್ನಡದ ತೊಡಕು ಇರುವುದು ಕಾಗುಣಿತದಲ್ಲಿ, ಒತ್ತಕ್ಷರದಲ್ಲಿ. ಬೆಂಗಳೂರಿನಲ್ಲಿದ್ದುಕೊಂಡು ಕನ್ನಡ ಓದು ಕಲಿಯುವ ಮಕ್ಕಳನ್ನು ಅಭ್ಯಸಿಸಿದ ಸೋನಾಲಿ ನಾಗ್ ಅವರ 2007ರ ಅಧ್ಯಯನ, ನಮ್ಮ ಅಕ್ಷರಗಳ ದೊಡ್ಡ ಬಳಗ ಮಕ್ಕಳ ಕೈವಶವಾಗಲು ಮೊದಲೆರಡು ತರಗತಿಗಳು ಸಾಲವು ಎಂದು ತೋರಿಸಿತು. ಇಂಥ ತಿಳಿವಳಿಕೆ ನಮ್ಮ ಪಠ್ಯಕ್ಕೆ ಇಳಿಯಬೇಕು.

ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಇಷ್ಟು ವಿದ್ವತ್ತು ಒಂದೇ ರಾಜ್ಯದಲ್ಲಿರುವಾಗ ಕನ್ನಡದ ಓದು, ಬರಹ, ಗಣಿತ ಅಳೆಯುವ ಪ್ರಮಾಣಿತ ಪರೀಕ್ಷೆಗಳು ಪ್ರತಿ ಬಿಆರ್‌ಸಿಯಲ್ಲೂ ಇರಬೇಕಾಗಿತ್ತು. ಈ ಸಂಸ್ಥೆಗಳನ್ನೂ ನುರಿತ ಪ್ರಾಥಮಿಕ ಶಿಕ್ಷಕರನ್ನೂ ಒಟ್ಟಿಗೆ ಕೂರಿಸಿ ಅವುಗಳನ್ನು ಸಿದ್ಧಪಡಿಸಿ. ವಿಶೇಷ ಶಿಕ್ಷಣದ ಪಠ್ಯಪುಸ್ತಕಗಳು ಕನ್ನಡದಲ್ಲಿ ಬರಲಿ, ಪರೀಕ್ಷೆ ಕನ್ನಡದಲ್ಲೇ ಬರೆಯಲು ಅವಕಾಶವಿರಲಿ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ಇಂಗ್ಲಿಷ್ ಪುಸ್ತಕದ ಎದುರು ಸೋತು ಕೋರ್ಸು ಬಿಡುವುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಅವರು ಬಿಟ್ಟುಹೋದರೆ ಹಳ್ಳಿಯ ಶಾಲೆಗೆ ಬರುವವರು ಯಾರು?

6. ಜಿಲ್ಲೆಗೊಂದು ಸರ್ಕಾರಿ ವಿಶೇಷ ಡಿ.ಎಡ್. ಕೇಂದ್ರ ತೆರೆಯಿರಿ, ಮೊದಲು ಬೀದರ್, ಯಾದಗಿರಿ, ರಾಯಚೂರು, ಚಾಮರಾಜನಗರಗಳಲ್ಲಿ. ಒಂದು ಕಾಲಕ್ಕೆ ಸೀಟಿಗೆ ಪೈಪೋಟಿ ಇದ್ದ ಎಷ್ಟೋ ಡಿ.ಎಡ್. ಕಾಲೇಜುಗಳು ವಿದ್ಯಾರ್ಥಿಗಳಿಲ್ಲದೆ ಬಾಗಿಲು ಹಾಕಿವೆ. ಹೊಸದಾಗಿ ಕಟ್ಟಬೇಕಾದ್ದಿಲ್ಲ: ಡಯಟ್‌ಗಳ ಕಟ್ಟಡ, ಗ್ರಂಥಾಲಯ, ಹಾಸ್ಟೆಲ್‌ಗಳನ್ನು ಇದಕ್ಕೆ ಬಳಸಬಹುದು.

7. ವಿಕಲಚೇತನರು ಶಿಕ್ಷಕರಾಗಿಯೂ ಬರಲಿ. ಬ್ರೈಲ್ ಮತ್ತು ಸಂಜ್ಞಾ ಭಾಷೆ ಬಲ್ಲವರನ್ನು, ಸ್ವತಃ ವಿಕಲಚೇತನರಾದವರನ್ನು ಶಿಕ್ಷಕರಾಗಿ ನೇಮಿಸಬೇಕು ಎಂದು 2016ರ ಕಾಯ್ದೆಯ 17ನೇ ಸೆಕ್ಷನ್ ಹೇಳುತ್ತದೆ. ಕಿವುಡ ಮಗುವಿಗೆ ಸಂಜ್ಞಾ ಭಾಷೆಯನ್ನು ಕಿವುಡ ಶಿಕ್ಷಕರಷ್ಟು ಸಹಜವಾಗಿ ಕಲಿಸುವವರು ವಿರಳ. ವಿಕಲಚೇತನರ ಮೀಸಲಾತಿಯಡಿ ಖಾಲಿ ಉಳಿದ ಶಿಕ್ಷಕ ಹುದ್ದೆಗಳನ್ನು ಮುಂದಿನ ನೇಮಕಾತಿಯಲ್ಲಿ ಕಡ್ಡಾಯವಾಗಿ ತುಂಬಿ. ಟಿಇಟಿ ಕೇಂದ್ರಗಳಲ್ಲಿ ಇಳಿಜಾರು ದಾರಿ, ಲಿಪಿಕಾರರು, ಹೆಚ್ಚುವರಿ ಸಮಯ ಕೇಳಿ ಪಡೆಯುವ ಸ್ಥಿತಿ ಇರಬಾರದು, ಅವು ಮೊದಲೇ ಸಿದ್ಧವಿರಬೇಕು.

8. ನೇಮಕಾತಿಗೆ ಪಂಚಾಂಗ ಪ್ರಕಟಿಸಿ. ಟಿಇಟಿ ಪ್ರಮಾಣಪತ್ರಕ್ಕೆ 2021ರಲ್ಲಿ ಜೀವಿತಾವಧಿ ಮಾನ್ಯತೆ ಸಿಕ್ಕಿತು. ಆದರೆ ಪ್ರಮಾಣಪತ್ರ ಉಳಿದರೂ ವಯಸ್ಸು ಉಳಿಯುವುದಿಲ್ಲ. 2022ರಲ್ಲಿ ರಾಜ್ಯ ಆರರಿಂದ ಎಂಟನೇ ತರಗತಿಗೆ 15,000 ಪದವೀಧರ ಶಿಕ್ಷಕರ ನೇಮಕಾತಿಗೆ ಹೊರಟಿತು. ಇಂಥ ದೊಡ್ಡ ಅಧಿಸೂಚನೆ ಯಾವಾಗ ಬರುತ್ತದೋ ಎಂದು ಕಾಯುತ್ತ ವಯಸ್ಸು ಮೀರಿಸಿಕೊಂಡವರು ನಮ್ಮ ನಡುವೆ ಇದ್ದಾರೆ. ನಿವೃತ್ತಿಯಿಂದ ಖಾಲಿಯಾಗುವ ಹುದ್ದೆಗಳು ಇಲಾಖೆಗೆ ಮೊದಲೇ ತಿಳಿದಿರುತ್ತವೆ. ಪ್ರತಿ ವರ್ಷ ಅಷ್ಟನ್ನಾದರೂ ತುಂಬಿ.

9. ಮಾನ್ಯತೆಯಿಲ್ಲದ ತರಬೇತಿ ಕೇಂದ್ರಗಳನ್ನು ತಡೆಯಿರಿ. 1992ರ ಪುನರ್ವಸತಿ ಪರಿಷತ್ತು ಕಾಯ್ದೆಯ ಪ್ರಕಾರ ನೋಂದಣಿ ಇಲ್ಲದವರು ವಿಶೇಷ ಶಿಕ್ಷಕರಾಗಿ ಕೆಲಸ ಮಾಡುವುದು ಶಿಕ್ಷಾರ್ಹ. ಆದರೂ ಕೆಲವೇ ತಿಂಗಳಲ್ಲಿ ‘ವಿಶೇಷ ಶಿಕ್ಷಣ ಡಿಪ್ಲೊಮಾ’ ಕೊಡುತ್ತೇವೆಂಬ ಜಾಹೀರಾತುಗಳಿಗೆ ಬಡ ಮನೆಯ ಮಕ್ಕಳು ಹಣ ಸುರಿಯುತ್ತಾರೆ. ಆ ಕಾಗದದಿಂದ ನೋಂದಣಿ ಸಂಖ್ಯೆ ಸಿಗುವುದಿಲ್ಲ ಎಂಬುದು ಅವರಿಗೆ ತಿಳಿಯುವುದು ಎಲ್ಲ ಮುಗಿದ ಮೇಲೆ. ಮಾನ್ಯತೆ ಪಡೆದ ಕಾಲೇಜುಗಳ ಪಟ್ಟಿಯನ್ನು ಪ್ರತಿ ಮೇ ತಿಂಗಳಲ್ಲಿ ಕನ್ನಡ ದಿನಪತ್ರಿಕೆಗಳಲ್ಲಿ ಪ್ರಕಟಿಸಿ.

10. ಶಾಲಾ ಶಿಕ್ಷಣ ಒಂದು ಇಲಾಖೆಯಲ್ಲಿ, ವಿಶೇಷ ಶಾಲೆಗಳು ಇನ್ನೊಂದರಲ್ಲಿ, ಪದವಿ ಕಾಲೇಜು ಮೂರನೆಯದರಲ್ಲಿ ಇರುವವರೆಗೆ ನಮ್ಮ ಅರ್ಜಿ ಒಂದು ಮೇಜಿನಿಂದ ಇನ್ನೊಂದಕ್ಕೆ ಅಲೆಯುತ್ತಲೇ ಇರುತ್ತದೆ. ಮೂರೂ ಇಲಾಖೆಗಳ ಜಂಟಿ ಸಮಿತಿಯೊಂದನ್ನು ರಚಿಸಿ, ಅದರಲ್ಲಿ ಪ್ರಶಿಕ್ಷಣಾರ್ಥಿಗಳಿಗೂ ವಿಶೇಷ ಮಕ್ಕಳ ಪಾಲಕರಿಗೂ ಸ್ಥಾನ ಕೊಡಿ.

ಮಾನ್ಯರೇ, ಮುಂದಿನ ಸಾಲಿನ ಪ್ರವೇಶದ ಅರ್ಜಿ ಕರೆಯುವ ಮೊದಲು ನಮ್ಮ ಪ್ರತಿನಿಧಿಗಳನ್ನು ಮಾತುಕತೆಗೆ ಕರೆಯಿರಿ. ಹತ್ತು ಬೇಡಿಕೆಗಳಲ್ಲಿ ಯಾವುದನ್ನು ಯಾವ ತಿಂಗಳೊಳಗೆ ಮಾಡುತ್ತೀರಿ, ಯಾವುದು ರಾಜ್ಯದ ಕೈಯಲ್ಲಿಲ್ಲ ಎಂಬುದಕ್ಕೆ ಲಿಖಿತ ಉತ್ತರ ಕೊಡಿ ಎಂದು ವಿನಂತಿಸುತ್ತೇವೆ.